ಗೃಹಿಣಿಯ ಅವಿಧೇಯತೆ: ಒಂದು ಧರ್ಮಜಿಜ್ಞಾಸೆ

ಜೈನ ಶ್ರಾವಕನ ಮನೆಯನ್ನು ಹೊರಗಿನವರು ಗುರುತಿಸುವುದು ಸಾಮಾನ್ಯವಾಗಿ ಎರಡು ಆಚರಣೆಗಳಿಂದ. ಒಂದು, ಸೋಸಿದ ನೀರು. ಇನ್ನೊಂದು, ಹೊತ್ತು ಮುಳುಗುವ ಮೊದಲೇ ಮುಗಿಯುವ ಊಟ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮೊದಲೇ ಕೈತೊಳೆಯಬೇಕೆಂಬುದು ಶ್ರದ್ಧಾವಂತರ ನಿಯಮ. ಈ ನಿಯಮದ ಹಿಂದಿರುವ ಜೀವದಯೆಯನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಡುತ್ತೇವೆ. ಆದರೆ ಆ ಹೊತ್ತಿನೊಳಗೆ ಮನೆಯವರೆಲ್ಲರಿಗೂ ಬಡಿಸಿ ಮುಗಿಸುವ ಹೆಂಗಸು ತಾನು ಯಾವಾಗ ಉಣ್ಣುತ್ತಾಳೆ ಎಂಬ ಪ್ರಶ್ನೆಯನ್ನು ನಾವು ಕೇಳಿದ್ದು ಕಡಿಮೆ.

ಬೆಳಗಾವಿ ಸೀಮೆಯ ನಮ್ಮ ಒಕ್ಕಲುತನದ ಮನೆಯಲ್ಲಿ, ನಾನು ಚಿಕ್ಕವನಿದ್ದಾಗ, ಈ ಪ್ರಶ್ನೆಗೆ ಸಿದ್ಧ ಉತ್ತರವೊಂದಿತ್ತು. ಸುಗ್ಗಿಯ ದಿನಗಳಲ್ಲಿ ಗಂಡಸರು ಹೊಲದಿಂದ ಬರುವಾಗಲೇ ಬಿಸಿಲು ಇಳಿದಿರುತ್ತಿತ್ತು. ಅವರು ಕೈಕಾಲು ತೊಳೆದು ಸಾಲಾಗಿ ಕುಳಿತರೆ ಒಲೆಯ ಮುಂದಿನ ಹೆಂಗಸರು ಒಂದೊಂದೇ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದರು. ಗಂಡಸರ ಊಟ, ಮಕ್ಕಳ ಊಟ, ಬಂದವರ ಊಟ ಮುಗಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ರಾತ್ರಿಭೋಜನ ತ್ಯಾಗವನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸುತ್ತಿದ್ದ ನಮ್ಮ ದೊಡ್ಡವ್ವ ಆಗ ಒಲೆ ಸಾರಿಸಿ ಸುಮ್ಮನೆ ಎದ್ದುಬಿಡುತ್ತಿದ್ದಳು. ಅಂಥ ದಿನಗಳು ವಾರದಲ್ಲಿ ಎರಡು ಮೂರಾದರೂ ಇರುತ್ತಿದ್ದವು. ಊರಲ್ಲಿ ಅವಳಿಗೆ ಉಪವಾಸದ ಪುಣ್ಯಾತ್ಮಳೆಂದು ಹೆಸರು. ಮನೆಯವರೂ ಆ ಹೆಸರನ್ನು ಸಂತೋಷದಿಂದ ಹೇಳಿಕೊಳ್ಳುತ್ತಿದ್ದರು.

ಒಂದು ಸಂಜೆ ಅವಳು ರೊಟ್ಟಿಯನ್ನೆಲ್ಲ ಮೊದಲೇ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದಳು. ಗಂಡಸರು ಕುಳಿತೊಡನೆ ತಾಟುಗಳಿಗೆ ಬಡಿಸಿ, ಅದೇ ಪಡಸಾಲೆಯ ಇನ್ನೊಂದು ಬದಿಗೆ ತನ್ನದೂ ಒಂದು ತಾಟು ಇಟ್ಟುಕೊಂಡು ಕುಳಿತಳು. ಅಜ್ಜ ತಲೆಯೆತ್ತಿ ನೋಡಿದರು. ಯಾರೂ ಮಾತಾಡಲಿಲ್ಲ. ದೊಡ್ಡವ್ವನೇ ತಲೆ ತಗ್ಗಿಸಿಕೊಂಡು ಹೇಳಿದಳು: “ಮಾವಾರ, ಹೊತ್ತು ನನಗೂ ಮುಳುಗತೈತ್ರಿ.” ಅಷ್ಟು ಹೇಳಿ ಊಟ ಮಾಡಿದಳು. ಅಂದಿನ ರೊಟ್ಟಿ ಆರಿತ್ತೆಂದು ಒಬ್ಬಿಬ್ಬರು ಗೊಣಗಿದರು. ಅಜ್ಜಿ ಎರಡು ದಿನ ಅವಳೊಡನೆ ಮಾತು ಬಿಟ್ಟಳು. ದೊಡ್ಡವ್ವ ಮಾತ್ರ ಮರುದಿನವೂ ಅದೇ ಹೊತ್ತಿಗೆ ತನ್ನ ತಾಟು ಇಟ್ಟುಕೊಂಡಳು.

ಇದು ಚಿಕ್ಕ ಸಂಗತಿ. ಮನೆ ಒಡೆಯಲಿಲ್ಲ, ಪಂಚರು ಕೂಡಲಿಲ್ಲ. ಆದರೂ ಆ ಕಾಲದ ಆ ಮನೆಯಲ್ಲಿ ಅದು ಅವಿಧೇಯತೆಯೇ ಆಗಿತ್ತು. ಇಂತಹ ಚಿಕ್ಕ ಅವಿಧೇಯತೆಗಳಲ್ಲಿ ಸಾಮಾನ್ಯ ಹೆಂಗಸರು ಕಂಡುಕೊಳ್ಳುವ ಬಿಡುಗಡೆಯನ್ನು ಧರ್ಮದ ದೃಷ್ಟಿಯಲ್ಲಿ ಹೇಗೆ ಕಾಣಬೇಕು? ಅದು ವಿನಯಭಂಗವೇ, ಮಾನಕಷಾಯದ ಒಂದು ರೂಪವೇ, ಅಥವಾ ನಾವು ಗುಣವೆಂದು ಒಪ್ಪಬೇಕಾದ ಆತ್ಮಗೌರವವೇ? ಈ ಪ್ರಶ್ನೆಯನ್ನು ನಮ್ಮ ಶಾಸ್ತ್ರಗಳ ಬೆಳಕಿನಲ್ಲಿಯೇ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಉಪವಾಸದ ಮಾತನ್ನೇ ತೆಗೆದುಕೊಳ್ಳೋಣ. ಆರು ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದು ಅನಶನ. ಆದರೆ ಅನ್ನ ಹೊಟ್ಟೆಗೆ ಹೋಗದ ಮಾತ್ರಕ್ಕೆ ಅದು ಅನಶನ ತಪಸ್ಸಾಗುವುದಿಲ್ಲ. ಎದುರಿಗೆ ಅನ್ನವಿದ್ದು, ಉಣ್ಣುವ ಶಕ್ತಿಯೂ ಅವಕಾಶವೂ ಇದ್ದು, ತಾನಾಗಿಯೇ ಇಚ್ಛೆಯನ್ನು ನಿರೋಧಿಸಿದರೆ ಅದು ತಪಸ್ಸು. ಬಲವಂತದ ಹಸಿವಿಗೆ ಶಾಸ್ತ್ರಕಾರರು ಬೇರೆಯೇ ಹೆಸರಿಟ್ಟಿದ್ದಾರೆ. ಅದು ಅಕಾಮ ನಿರ್ಜರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ವಿವರಿಸುವಾಗ ಉದಾಹರಣೆಯಾಗಿ ತೆಗೆದುಕೊಳ್ಳುವುದು ಸೆರೆಯಲ್ಲಿರುವವನನ್ನು. ಬಂಧನದಲ್ಲಿರುವವನು ಹಸಿವನ್ನೂ ಬಾಯಾರಿಕೆಯನ್ನೂ ಸಹಿಸುತ್ತಾನೆ, ನೆಲದ ಮೇಲೆ ಮಲಗುತ್ತಾನೆ. ಇವುಗಳಲ್ಲಿ ಯಾವುದನ್ನೂ ಅವನು ಆಯ್ದುಕೊಂಡವನಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅಕಾಮ ನಿರ್ಜರೆಯಿಂದಲೂ ದೇವಾಯುಷ್ಯದ ಬಂಧವಾಗುತ್ತದೆಂದು ತತ್ತ್ವಾರ್ಥಸೂತ್ರದಲ್ಲಿ ಹೇಳಿದೆಯಲ್ಲ. ಹಾಗಾದರೆ ತಾಳ್ಮೆಯಿಂದ ಹಸಿದಿದ್ದ ಗೃಹಿಣಿಗೆ ನಷ್ಟವೇನು? ಈ ಆಕ್ಷೇಪ ಸಹಿಸಿದವಳ ಫಲವನ್ನು ಲೆಕ್ಕ ಹಾಕುತ್ತದೆ, ಸಹಿಸುವಂತೆ ಮಾಡಿದವರ ಲೆಕ್ಕವನ್ನು ಬಿಟ್ಟುಬಿಡುತ್ತದೆ. ಸೆರೆಯಾಳಿನ ಸಹನೆಯಿಂದ ಅವನ ಕರ್ಮ ಸವೆದರೆ ಅದು ಅವನ ಭಾಗ್ಯ. ಅದರಿಂದ ಅವನನ್ನು ಅನ್ಯಾಯವಾಗಿ ಸೆರೆಯಲ್ಲಿಟ್ಟವನು ನಿರ್ದೋಷಿಯಾಗುವುದಿಲ್ಲ. ಒಬ್ಬರ ಕ್ಷಮೆಯ ಪುಣ್ಯವನ್ನು ಇನ್ನೊಬ್ಬರ ಹಿಂಸೆಯ ಪಾಪಕ್ಕೆ ವಜಾ ಹಾಕುವ ಗಣಿತ ಜೈನ ಕರ್ಮಸಿದ್ಧಾಂತದಲ್ಲಿ ಇಲ್ಲ.

ಹಿಂಸೆ ಎಂಬ ಪದವನ್ನು ಇಲ್ಲಿ ಬಳಸಿದ್ದಕ್ಕೆ ಕೆಲವರಿಗೆ ಬೇಸರವಾಗಬಹುದು. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನ ನಿರೋಧ. ಇಲ್ಲಿ ವಧವೆಂದರೆ ಹೊಡೆತ. ಕೊನೆಯ ಎರಡರ ಅರ್ಥ ಸ್ಪಷ್ಟವಾಗಿದೆ: ಹೊರಲಾಗದಷ್ಟು ಭಾರವನ್ನು ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನ ನೀರು ದೊರೆಯದಂತೆ ಮಾಡುವುದು. ನಮ್ಮ ಹಿರಿಯರು ಇದನ್ನು ಎತ್ತುಗಳ ವಿಷಯದಲ್ಲಿ ಎಷ್ಟು ಎಚ್ಚರದಿಂದ ಪಾಲಿಸುತ್ತಿದ್ದರೆಂದರೆ, ದಣಿದು ಬಂದ ಎತ್ತಿಗೆ ಮೇವು ನೀರು ತೋರಿಸದೆ ತಾವು ತಾಟಿನ ಮುಂದೆ ಕೂರುತ್ತಿರಲಿಲ್ಲ. ನಮ್ಮ ಅಜ್ಜನೂ ಹಾಗೆಯೇ ಇದ್ದರು. ಅವರು ನಿಷ್ಠುರ ಮನುಷ್ಯರಲ್ಲ. ಅದೇ ನಿಯಮ ಒಲೆಯ ಮುಂದಿನ ಸೊಸೆಗೂ ಅನ್ವಯಿಸುತ್ತದೆಂಬುದು ಅವರಿಗೆ ಹೊಳೆದಿರಲಿಲ್ಲ, ಅಷ್ಟೇ. ಎತ್ತಿಗೆ ಹಸಿವಾಗಿದೆಯೆಂದು ಊಹಿಸುವ ಕರುಣೆ ಅವರಲ್ಲಿತ್ತು. ಸೊಸೆಯ ಹಸಿವಿಗೆ ಆಗಲೇ ಪುಣ್ಯವೆಂಬ ಹೆಸರು ಬಿದ್ದಿದ್ದರಿಂದ ಅದು ಹಸಿವಾಗಿ ಕಾಣಿಸುತ್ತಿರಲಿಲ್ಲ. ಪ್ರಮಾದವೆಂದರೆ ಇದೇ. ಉಮಾಸ್ವಾಮಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಮತ್ತಯೋಗವನ್ನು ಮೊದಲಿಗಿಟ್ಟಿರುವುದು ಸಕಾರಣವಾಗಿದೆ. ಕ್ರೌರ್ಯವಿಲ್ಲದೆಯೂ, ಕೇವಲ ಅಜಾಗರೂಕತೆಯಿಂದ, ಒಂದು ಜೀವ ಇನ್ನೊಂದನ್ನು ದಿನವೂ ನೋಯಿಸುತ್ತಿರಬಹುದು.

ಹಾಗಾದರೆ ದೊಡ್ಡವ್ವ ತಾಟು ಇಟ್ಟುಕೊಂಡ ಸಂಜೆ ನಡೆದದ್ದೇನು? ಅವಳು ವ್ರತವನ್ನು ಮುರಿಯಲಿಲ್ಲ. ರಾತ್ರಿಭೋಜನ ತ್ಯಾಗದ ವ್ರತವನ್ನು ಕಾಪಾಡಿಕೊಂಡೇ ತನ್ನ ಹಸಿವನ್ನು ಮನೆಯವರಿಗೆ ಕಾಣಿಸಿದಳು. ಅದಕ್ಕೂ ಮುಖ್ಯವಾಗಿ, ಅಂದಿನಿಂದ ಅವಳು ಕೈಗೊಂಡ ಉಪವಾಸಗಳು ಅವಳವೇ ಆದವು. ಅಷ್ಟಮಿ ಚತುರ್ದಶಿಗಳಲ್ಲಿ, ಜೀವದಯಾಷ್ಟಮಿಯ ನೋಂಪಿಯಲ್ಲಿ, ದಶಲಕ್ಷಣ ಪರ್ವದಲ್ಲಿ ಅವಳು ಮೊದಲಿನಂತೆಯೇ ಉಪವಾಸವಿದ್ದಳು. ಉಣ್ಣಲು ಸ್ವತಂತ್ರಳಾದವಳು ಮಾತ್ರ ಉಪವಾಸ ಮಾಡಲು ಸ್ವತಂತ್ರಳು. ಈ ಮಾತನ್ನು ಆಕೆ ಹೀಗೆ ಹೇಳಲಾರಳು, ಆದರೆ ಬಲ್ಲವಳಾಗಿದ್ದಳು.

ವಿನಯವೂ ಒಂದು ತಪಸ್ಸೇ ಅಲ್ಲವೇ, ಹಿರಿಯರ ಮನಸ್ಸಿಗೆ ವಿರುದ್ಧವಾಗಿ ನಡೆಯುವುದು ಅದಕ್ಕೆ ಭಂಗವಲ್ಲವೇ ಎಂಬುದು ಎರಡನೆಯ ಆಕ್ಷೇಪ. ವಿನಯ ಆಭ್ಯಂತರ ತಪಸ್ಸೆಂಬುದು ನಿಜ. ಅದರಲ್ಲಿ ನಾಲ್ಕು ಬಗೆ: ಜ್ಞಾನ, ದರ್ಶನ, ಚಾರಿತ್ರಗಳ ವಿನಯ ಹಾಗೂ ಉಪಚಾರ ವಿನಯ. ಪೂಜ್ಯರನ್ನು ಕಂಡು ಎದ್ದು ನಿಲ್ಲುವುದು, ಕೈಮುಗಿಯುವುದು ಮುಂತಾದವು ಉಪಚಾರ ವಿನಯ. ಅದು ಉಳಿದ ಮೂರರ ಮೇಲಣ ಗೌರವದಿಂದ ಹುಟ್ಟಬೇಕಾದದ್ದು. ಅನುಕೂಲಸ್ಥರ ಅನುಕೂಲಕ್ಕೆ ತಲೆಬಾಗುವುದನ್ನು ಶಾಸ್ತ್ರವು ವಿನಯದ ಪಟ್ಟಿಯಲ್ಲಿ ಸೇರಿಸಿಲ್ಲ. ಸೊಸೆ ಮಾವನ ಪಾದಕ್ಕೆ ನಮಸ್ಕರಿಸುವುದು ವಿನಯ. ಮಾವನ ಮರೆವಿನಿಂದಾಗಿ ಅವಳು ಹಸಿದಿರುವುದು ವಿನಯವಲ್ಲ.

ನಮ್ಮ ಕಥಾಸಾಹಿತ್ಯವೂ ಇದನ್ನೇ ಸಮರ್ಥಿಸುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಿಗೆ ಎಂಟು ದೃಷ್ಟಾಂತಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸಿದ್ದಾರೆ. ಅವರಲ್ಲಿ ಇಬ್ಬರು ಸ್ತ್ರೀಯರು: ಅನಂತಮತಿ ಮತ್ತು ರೇವತಿ. ಇಬ್ಬರ ಕಥೆಯೂ ಸುತ್ತಲಿನವರ ನಿರೀಕ್ಷೆಯನ್ನು ನಿರಾಕರಿಸಿದ ಕಥೆಯೇ.

ಚಂಪಾನಗರದ ಪ್ರಿಯದತ್ತ ಶ್ರೇಷ್ಠಿ ಅಷ್ಟಾಹ್ನಿಕ ಪರ್ವದಲ್ಲಿ ತಾನು ಎಂಟು ದಿನ ಬ್ರಹ್ಮಚರ್ಯ ವ್ರತ ಹಿಡಿದಾಗ ವಿನೋದಕ್ಕಾಗಿ ಮಗಳು ಅನಂತಮತಿಗೂ ವ್ರತ ಕೊಡಿಸಿದ. ಮುಂದೆ ಮದುವೆಯ ಮಾತು ಬಂದಾಗ ಮಗಳು ತಾನು ವ್ರತಸ್ಥಳೆಂದಳು. ಅದು ವಿನೋದವಾಗಿತ್ತೆಂದು ತಂದೆ ಹೇಳಿದ. ಧರ್ಮದಲ್ಲಿ ವಿನೋದವೆಲ್ಲಿಯದೆಂದು ಅವಳು ಕೇಳಿದಳು. ವ್ರತ ಎಂಟೇ ದಿನದ್ದಾಗಿತ್ತೆಂದು ಆತ ನೆನಪಿಸಿದ. ಗುರುಗಳು ತನಗೆ ಕಾಲಾವಧಿ ಹೇಳಿರಲಿಲ್ಲವೆಂದು ಅವಳು ಉತ್ತರಿಸಿದಳು. ಆಮೇಲೆ ಆಕೆಗೆ ಬಂದೊದಗಿದ ಅಪಹರಣ, ಪ್ರಲೋಭನ, ಉಪಸರ್ಗಗಳನ್ನು ನಾವು ವಿಸ್ತಾರವಾಗಿ ಹೇಳುತ್ತೇವೆ. ಮನೆಯಂಗಳದ ಈ ಸಣ್ಣ ಸಂವಾದವನ್ನು ಬೇಗ ದಾಟಿಬಿಡುತ್ತೇವೆ. ಆದರೆ ಮುಂದೆ ಕಾಮುಕರೆದುರು ನಿಂತ ಧೈರ್ಯ ಮೊದಲು ರೂಪುಗೊಂಡದ್ದು ಪ್ರೀತಿಯ ತಂದೆಯೆದುರು ಮೆಲುದನಿಯಲ್ಲಿ ಇಲ್ಲವೆಂದಾಗ. ದೊಡ್ಡವರು ಆಟಕ್ಕೆ ಕೊಟ್ಟ ಮಾತನ್ನು ಅವಳು ನಿಜವಾಗಿ ತೆಗೆದುಕೊಂಡಳು.

ರೇವತಿರಾಣಿಯ ಕಥೆ ಇನ್ನೂ ಗೃಹಸಹಜವಾದದ್ದು. ಮಥುರೆಯಲ್ಲಿ ಆಕೆಯ ಶ್ರದ್ಧೆಯನ್ನು ಪರೀಕ್ಷಿಸಲು ವಿದ್ಯಾಬಲವುಳ್ಳ ಕ್ಷುಲ್ಲಕನೊಬ್ಬ ದಿನಕ್ಕೊಂದು ದೇವರೂಪವನ್ನು ನಿರ್ಮಿಸಿದ. ಕೊನೆಗೆ ಸಮವಸರಣ ಸಹಿತನಾದ ತೀರ್ಥಂಕರನ ರೂಪವನ್ನೇ ತೋರಿಸಿದ. ರಾಜನೂ ಊರೂ ಹೊರಟು ನಿಂತರೂ ರೇವತಿ ಹೋಗಲಿಲ್ಲ. ತೀರ್ಥಂಕರರು ಇಪ್ಪತ್ತನಾಲ್ವರೇ, ಅವರೆಲ್ಲ ಆಗಿಹೋಗಿದ್ದಾರೆ, ಇಪ್ಪತ್ತೈದನೆಯವನಿಲ್ಲ ಎಂಬುದು ಆಕೆಯ ತರ್ಕ. ಆಕೆ ಯಾರೊಡನೆಯೂ ವಾದಕ್ಕಿಳಿಯಲಿಲ್ಲ, ಯಾರನ್ನೂ ತಡೆಯಲಿಲ್ಲ, ಮನೆಯಲ್ಲೇ ಉಳಿದಳು. ಗಂಡ ಹೋದಲ್ಲಿಗೆ ಹೋಗದೆ ಉಳಿದ ಈ ನಡತೆಯನ್ನೇ ಶಾಸ್ತ್ರವು ಅಮೂಢದೃಷ್ಟಿಯೆಂದು ಕೊಂಡಾಡಿತು.

ಈ ಎರಡು ಕಥೆಗಳಿಂದ ಒಂದು ನಿಯಮವನ್ನು ತೆಗೆಯಬಹುದು. ಅವಿಧೇಯತೆಗೆ ತನ್ನದೇ ಆದ ಪುಣ್ಯವಾಗಲಿ ಪಾಪವಾಗಲಿ ಇಲ್ಲ. ಅದು ಯಾವುದರ ರಕ್ಷಣೆಗಾಗಿ ನಡೆಯಿತು, ಯಾವ ಕಷಾಯದಿಂದ ಹೊರಟಿತು, ಯಾರಿಗೆ ನೋವು ತಂದಿತು ಎಂಬುದರ ಮೇಲೆ ಅದರ ಬೆಲೆ ನಿಲ್ಲುತ್ತದೆ.

ಆದರೆ ಎಲ್ಲ ಹೆಂಗಸರಿಗೂ ಬಹಿರಂಗವಾಗಿ ತಾಟು ಇಟ್ಟುಕೊಳ್ಳುವ ಧೈರ್ಯವಾಗಲಿ ಅವಕಾಶವಾಗಲಿ ಇರುವುದಿಲ್ಲ. ಹೆಚ್ಚಿನವರ ಬಿಡುಗಡೆ ನಡೆಯುವುದು ಗುಟ್ಟಿನಲ್ಲಿ. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಚಿಲ್ಲರೆ, ಹಾಸಿಗೆಯ ಸುರುಳಿಯಲ್ಲಿ ಬಚ್ಚಿಟ್ಟ ಪುಸ್ತಕ, ಬಸದಿಗೆಂದು ಹೇಳಿ ಗೆಳತಿಯ ಮನೆಗೆ ಹೋಗಿ ಕಳೆದ ಅರ್ಧ ಗಂಟೆ. ಇಲ್ಲಿ ಪ್ರಶ್ನೆ ಕಠಿಣವಾಗುತ್ತದೆ. ಸತ್ಯಾಣುವ್ರತ, ಅಚೌರ್ಯಾಣುವ್ರತಗಳನ್ನು ಒಪ್ಪಿದ ನಾವು ಇವನ್ನು ಹೇಗೆ ನೋಡಬೇಕು?

ಈ ಸಂದರ್ಭದಲ್ಲಿ ಬಂಗಾಳದ ಒಬ್ಬ ಗೃಹಿಣಿಯ ಬದುಕು ನೆನಪಿಗೆ ಬರುತ್ತದೆ. ರಾಸಸುಂದರೀ ದೇವಿ 19ನೆಯ ಶತಮಾನದವಳು, ವೈಷ್ಣವ ಶ್ರದ್ಧೆಯ ಮನೆತನದ ಸೊಸೆ, ಅನೇಕ ಮಕ್ಕಳ ತಾಯಿ. ಹೆಂಗಸು ಓದಿದರೆ ಅಪಚಾರವೆಂದು ತಿಳಿದ ಕಾಲವದು. ಆಕೆಗೆ ಚೈತನ್ಯ ಭಾಗವತವನ್ನು ತಾನೇ ಓದಬೇಕೆಂಬ ಆಸೆ. ಆ ಗ್ರಂಥದ ಒಂದು ಹಾಳೆಯನ್ನೂ ಮಗನು ಅಕ್ಷರ ತಿದ್ದಿದ ತಾಳೆಗರಿಯನ್ನೂ ಅಡಿಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಕೆಲಸದ ನಡುವೆ ಒಂದೊಂದೇ ಅಕ್ಷರವನ್ನು ಹೋಲಿಸಿ ನೋಡುತ್ತ ಓದು ಕಲಿತಳು. 1876ರಲ್ಲಿ ಪ್ರಕಟವಾದ ಆಕೆಯ ‘ಆಮಾರ್ ಜೀಬನ್’ ಬಂಗಾಳಿಯ ಮೊದಲ ಆತ್ಮಚರಿತ್ರೆಯೆಂದು ಹೆಸರಾಗಿದೆ. ಮನೆಗೆಲಸದ, ಮಕ್ಕಳ, ಅತಿಥಿಗಳ ಮಧ್ಯೆ ತನ್ನ ಪಾಲಿನ ಊಟವೇ ತಪ್ಪಿಹೋದ ದಿನಗಳನ್ನೂ ಅದನ್ನು ಯಾರಿಗೂ ಹೇಳದೆ ಉಳಿದುದನ್ನೂ ಆಕೆ ಅದರಲ್ಲಿ ಬರೆದಿದ್ದಾಳೆ. ನಮ್ಮ ದೊಡ್ಡವ್ವನ ಕಾಲಕ್ಕೆ ನೂರು ವರ್ಷ ಮೊದಲಿನ, ಸಾವಿರಾರು ಮೈಲಿ ದೂರದ ಒಂದು ಒಲೆಯ ಮುಂದೆಯೂ ಅದೇ ಹಸಿವು ಕುಳಿತಿತ್ತು.

ರಾಸಸುಂದರಿ ಹಾಳೆಯನ್ನು ಬಚ್ಚಿಟ್ಟದ್ದು ಮಾಯಾಚಾರವೇ? ಜೈನ ದೃಷ್ಟಿಯಿಂದ ಇದಕ್ಕೆ ಸುಲಭವಾಗಿ ಇಲ್ಲವೆನ್ನಲಾಗದು. ಮಾಯೆ ನಾಲ್ಕು ಕಷಾಯಗಳಲ್ಲಿ ಒಂದು. ಮೂರು ಶಲ್ಯಗಳಲ್ಲಿಯೂ ಒಂದು. ಶಲ್ಯವೆಂದರೆ ಒಳಗೆ ಮುರಿದು ಕುಳಿತ ಮುಳ್ಳು. ಶಲ್ಯರಹಿತನಾದವನೇ ವ್ರತಿಯೆಂದು ತತ್ತ್ವಾರ್ಥಸೂತ್ರ ಸಾರುತ್ತದೆ. ಗುಟ್ಟು ಅದನ್ನು ಹೊತ್ತವಳನ್ನೇ ಚುಚ್ಚುತ್ತಿರುತ್ತದೆ. ಬಾಗಿಲ ಸಪ್ಪಳಕ್ಕೆ ಬೆಚ್ಚುವ ಮನಸ್ಸು, ಒಂದು ಸುಳ್ಳನ್ನು ಉಳಿಸಲು ಹೇಳುವ ಇನ್ನೊಂದು ಸುಳ್ಳು, ತಾಯಿಯ ಕಣ್ಸನ್ನೆಯನ್ನು ಕಲಿಯುವ ಮಕ್ಕಳು, ಇವೆಲ್ಲ ಅದರ ಫಲ. ಆದ್ದರಿಂದ ಗುಟ್ಟಿನ ಬಿಡುಗಡೆ ಅರ್ಧ ಬಿಡುಗಡೆಯೇ ಸರಿ. ಅದನ್ನು ವೈಭವೀಕರಿಸುವವರು ಆ ಹೆಂಗಸರ ಭಯವನ್ನು ಕಂಡಿಲ್ಲವೆನ್ನಬೇಕು.

ಆದರೆ ವಿಚಾರಣೆ ಅಲ್ಲಿಗೆ ನಿಂತರೆ ಅದು ಅರ್ಧ ವಿಚಾರಣೆಯೇ. ಜಪಮಾಲೆಯಲ್ಲಿ 108 ಮಣಿಗಳೇಕೆಂದು ಹಿರಿಯರು ನಮಗೆ ಕಲಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ ಕರ್ಮಾಸ್ರವದ 108 ದ್ವಾರಗಳಾಗುತ್ತವೆ. ತಾನು ಮಾಡಿದ್ದಷ್ಟೇ ಅಲ್ಲ, ಇತರರಿಂದ ಮಾಡಿಸಿದ್ದೂ ಮಾಡಿದ್ದನ್ನು ಅನುಮೋದಿಸಿದ್ದೂ ತನ್ನ ಲೆಕ್ಕಕ್ಕೇ ಬರುತ್ತದೆ. ಪುಸ್ತಕ ಬಚ್ಚಿಟ್ಟವಳದು ಕೃತ. ಬಚ್ಚಿಡದೆ ಓದಲಾಗದಂಥ ಮನೆಯನ್ನು ಕಟ್ಟಿದವರದು ಕಾರಿತವಲ್ಲವೇ? ಹಾಗೆಯೇ ಇರಲೆಂದು ಸುಮ್ಮನಿದ್ದ ನೆರೆಹೊರೆಯದು, ಪಂಚರದು, ನಮ್ಮೆಲ್ಲರದು ಅನುಮತವಲ್ಲವೇ? ಗೃಹಿಣಿಯ ಸಣ್ಣ ಸುಳ್ಳನ್ನು ಎಣಿಸುವ ಮಣಿ ಬೆರಳಿಗೆ ಬಂದಾಗ ಮುಂದಿನ ಎರಡು ಮಣಿಗಳನ್ನು ಹಾರಿಸಿ ಎಣಿಸುವುದು ನ್ಯಾಯವಲ್ಲ.

ಸಾಸಿವೆ ಡಬ್ಬಿಯ ಹಣದ ವಿಚಾರವೂ ಹೀಗೆಯೇ. ಕೊಡದುದನ್ನು ತೆಗೆದುಕೊಳ್ಳುವುದು ಚೌರ್ಯ. ಆದರೆ ಆ ಹಣ ಯಾರದು? 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ; ಸ್ತ್ರೀಗೆ ಬಂದ ಆಸ್ತಿಯ ಮೇಲೆ ಅವಳಿಗೆ ಪೂರ್ಣ ಒಡೆತನವನ್ನು ಅದು ಕೊಟ್ಟಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾದ ಹಕ್ಕನ್ನು ಕರ್ನಾಟಕವು 1994ರ ತಿದ್ದುಪಡಿಯಲ್ಲಿಯೂ ಇಡೀ ದೇಶವು 2005ರ ತಿದ್ದುಪಡಿಯಲ್ಲಿಯೂ ಒಪ್ಪಿಕೊಂಡವು. ಅದಕ್ಕೂ ಬಹು ಹಿಂದಿನಿಂದ ತುಳುನಾಡಿನ ಜೈನರಲ್ಲಿ ಅಳಿಯಸಂತಾನದ ಕಟ್ಟಿನಂತೆ ಆಸ್ತಿ ಹೆಣ್ಣಿನ ಸಂತತಿಯಲ್ಲಿಯೇ ಇಳಿದುಬರುತ್ತಿತ್ತು. ಆದರೂ ಆಡಳಿತ ಬಹುಮಟ್ಟಿಗೆ ಯಜಮಾನನ ಕೈಯಲ್ಲಿತ್ತು. ದಾಖಲೆಯಲ್ಲಿ ಹೆಸರಿರುವುದು ಬೇರೆ, ಕೈಯಲ್ಲಿ ಬೀಗದ ಕೈ ಇರುವುದು ಬೇರೆ. ದಿನದ ಹದಿನಾರು ಗಂಟೆ ದುಡಿದವಳು ಬಸದಿಯ ಹುಂಡಿಗೆ ಹಾಕುವ ಕಾಸಿಗೂ ಗಂಡನ ಮುಖ ನೋಡಬೇಕಾದರೆ, ಅವಳು ಡಬ್ಬಿಯಲ್ಲಿಟ್ಟ ಹಣವನ್ನು ಕಳವೆಂದು ಕರೆಯುವ ಮೊದಲು ಅವಳ ದುಡಿಮೆಯ ಲೆಕ್ಕವನ್ನು ಯಾರಾದರೂ ಬರೆದಿದ್ದಾರೆಯೇ ಎಂದು ಕೇಳಬೇಕಾಗುತ್ತದೆ.

ಮನೆಯಲ್ಲಿ ಹೆಂಗಸಿಗೆ ಯಾರನ್ನೂ ಕೇಳದೆ ನಿರ್ಧರಿಸಲು ದೊರೆತ ಕ್ಷೇತ್ರವೆಂದರೆ ನಮ್ಮಲ್ಲಿ ಬಹುಕಾಲದಿಂದ ನೋಂಪಿ. ಯಾವ ದಿನ, ಎಷ್ಟು ವರ್ಷ, ಯಾವ ಉದ್ಯಾಪನೆ ಎಂಬುದನ್ನು ಅವಳೇ ಸಂಕಲ್ಪಿಸುತ್ತಿದ್ದಳು. ಆ ದಿನ ಒಲೆಯ ಕೆಲಸ ಕಡಿಮೆ. ಬಸದಿಗೆ ಹೋಗಬಹುದು, ಕಥೆ ಕೇಳಬಹುದು, ಗೆಳತಿಯರೊಡನೆ ಕೂರಬಹುದು. ಈ ಚಿಕ್ಕ ಅವಕಾಶದಿಂದ ಎಂಥ ಫಲ ಬಂದಿತೆಂಬುದಕ್ಕೆ ಮೂಡುಬಿದಿರೆಯ ಸಿದ್ಧಾಂತ ಬಸದಿ ಸಾಕ್ಷಿ. ಅಲ್ಲಿ ಉಳಿದುಬಂದ ಮಹಾಬಂಧದ ತಾಳೆಯೋಲೆ ಪ್ರತಿಯನ್ನು ಬರೆಯಿಸಿದವಳು ಮಲ್ಲಿಕಬ್ಬೆ; ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಅದನ್ನು ಮಾಡಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಒಬ್ಬ ಗೃಹಿಣಿಯ ಸಂಕಲ್ಪದಿಂದ ಸಿದ್ಧಾಂತ ಗ್ರಂಥವೊಂದು ಲೋಕಕ್ಕೆ ಉಳಿಯಿತು.

ಅತ್ತಿಮಬ್ಬೆಯನ್ನು ಇಲ್ಲಿ ನೆನೆಯದಿರಲಾಗದು. ಆಕೆ ದಂಡನಾಯಕರ ಮನೆತನದವಳು, ಸಾಮಾನ್ಯ ಸ್ತ್ರೀಯಲ್ಲ. ಆದರೆ ಆಕೆಯ ಬದುಕಿನ ತಿರುವು ಯಾವ ಹೆಂಗಸಿಗೂ ಬರಬಹುದಾಗಿದ್ದ ತಿರುವು. ಪತಿ ನಾಗದೇವ ಮಡಿದಾಗ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಅವನೊಡನೆ ಪ್ರಾಣಬಿಟ್ಟಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿಯೂ ಧರ್ಮಕ್ಕಾಗಿಯೂ ಬದುಕಿ ಉಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳು, 993ರಲ್ಲಿ ರನ್ನನಿಂದ ಬರೆಯಿಸಿದ ಅಜಿತಪುರಾಣ, ಲಕ್ಕುಂಡಿಯ ಬ್ರಹ್ಮಜಿನಾಲಯ ಇವೆಲ್ಲ ಆ ಉಳಿವಿನ ಫಲಗಳು. ಸಾವನ್ನು ಗೌರವಿಸುತ್ತಿದ್ದ ಕಾಲದಲ್ಲಿ ಬದುಕನ್ನು ಆಯ್ದುಕೊಂಡದ್ದಕ್ಕೂ ಧೈರ್ಯ ಬೇಕಾಗಿತ್ತು. ನಮ್ಮ ಕಾಲಕ್ಕೆ ಹತ್ತಿರದವರಾದ ಬ್ರಹ್ಮಚಾರಿಣಿ ಪಂಡಿತಾ ಚಂದಾಬಾಯಿಯವರು ಬಾಲ್ಯದಲ್ಲಿಯೇ ವೈಧವ್ಯಕ್ಕೆ ಸಿಕ್ಕಿದವರು. ಮನೆಯ ಮೂಲೆಯಲ್ಲಿ ಕೂರುವ ಬದಲು ಓದು ಕಲಿತರು. 1921ರಲ್ಲಿ ಬಿಹಾರದ ಆರಾದಲ್ಲಿ ಜೈನ ಬಾಲಾ ವಿಶ್ರಾಮವನ್ನು ಸ್ಥಾಪಿಸಿ ತಮ್ಮಂಥ ನೂರಾರು ಹೆಣ್ಣುಮಕ್ಕಳಿಗೆ ಓದಿನ ಬಾಗಿಲು ತೆರೆದರು. ತಾನು ಪಡೆದ ಬಿಡುಗಡೆಯನ್ನು ಇನ್ನೊಬ್ಬಳಿಗೆ ದಾಟಿಸಿದಾಗ ಅದು ಸ್ವಾರ್ಥವಾಗಿ ಉಳಿಯುವುದಿಲ್ಲ.

ಇಲ್ಲಿಯೇ ಅವಿಧೇಯತೆಯ ನಿಜವಾದ ಪರೀಕ್ಷೆಯಿದೆ. ಅತ್ತೆ ಹಿಡಿದ ಹಟಕ್ಕೆ ಸೊಸೆ ಹೂಡಿದ ಹಟ ಕ್ರೋಧ ಮಾನಗಳ ವ್ಯಾಪಾರವೇ ಹೊರತು ಬಿಡುಗಡೆಯಲ್ಲ. ತಾನು ಒಲೆ ಬಿಟ್ಟೆದ್ದು ಆ ಭಾರವನ್ನು ಕಿರಿಯ ಸೊಸೆಯ ಮೇಲೋ ಮನೆಗೆಲಸದ ಬಡ ಹೆಂಗಸಿನ ಮೇಲೋ ಹೇರಿದರೆ, ಅತಿಭಾರಾರೋಪಣ ಒಂದು ಹೆಗಲಿನಿಂದ ಇನ್ನೊಂದಕ್ಕೆ ಸರಿಯಿತಷ್ಟೇ. ಜೀವಗಳು ಒಂದಕ್ಕೊಂದು ಉಪಕರಿಸಿಯೇ ಬಾಳಬೇಕಾದವು ಎಂಬ ಸೂತ್ರದ ಬೆಳಕಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು: ನನ್ನ ಈ ನಡತೆಯಿಂದ ನನ್ನ ಶಲ್ಯ ಕಡಿಮೆಯಾಯಿತೇ? ನನ್ನ ಭಾರ ಹಂಚಿಹೋಯಿತೇ, ಅಥವಾ ಕೇವಲ ವರ್ಗವಾಯಿತೇ? ನಾನು ಪಡೆದುದನ್ನು ನನ್ನ ಮುಂದಿನವಳಿಗೂ ಕೊಡಬಲ್ಲೆನೇ?

ಈ ಪ್ರಶ್ನೆಗಳನ್ನು ಕುಟುಂಬಗಳು ಮಾತ್ರವಲ್ಲ, ಬಸದಿಗಳ ಆಡಳಿತ ಮಂಡಳಿಗಳೂ ಕೇಳಿಕೊಳ್ಳುವುದು ಒಳ್ಳೆಯದು. ಪಂಚಕಲ್ಯಾಣದಲ್ಲಿ, ಪರ್ವದ ಸಂತರ್ಪಣೆಯಲ್ಲಿ ಮೊದಲ ಪಂಕ್ತಿ ಯಾರದು, ಹೊತ್ತು ಇಳಿಯುವಾಗ ಕೂರುವ ಕೊನೆಯ ಪಂಕ್ತಿ ಯಾರದು? ಮುನಿಗಳ ಆಹಾರದಾನದ ಪುಣ್ಯಕ್ಕೆ ಮುಂಜಾನೆ ಎದ್ದು ಮಡಿಯಲ್ಲಿ ಅಡಿಗೆ ಮಾಡಿದವಳ ಹೆಸರು ಫಲಕದಲ್ಲಿ ಬರುವುದೇ, ಯಜಮಾನನದು ಮಾತ್ರವೇ? ಸಭೆಗಳನ್ನು ಕರೆಯುವುದು ಹೆಂಗಸರಿಗೆ ಒಲೆ ಬಿಟ್ಟು ಬರಲಾಗದ ಹೊತ್ತಿಗೇ ಏಕೆ? ಬಂದವರಿಗೆ ಲೆಕ್ಕಪತ್ರ ತೋರಿಸಿ ಅಭಿಪ್ರಾಯ ಕೇಳುವ ಪದ್ಧತಿಯುಂಟೇ? ಇವು ಹಣ ಬೇಡುವ ಸುಧಾರಣೆಗಳಲ್ಲ. ಚತುರ್ವಿಧ ಸಂಘವೆಂದಾಗ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂದು ನಾಲ್ವರನ್ನು ಎಣಿಸಿ, ನಡೆಯುವಾಗ ನಾಲ್ಕನೆಯವಳನ್ನು ಮರೆಯದಿರುವ ಜಾಗರೂಕತೆಯಷ್ಟೇ ಇಲ್ಲಿ ಬೇಕಾದದ್ದು. ಹೆಂಗಸರು ಅವಿಧೇಯರಾಗಬೇಕಾದ ಅಗತ್ಯವೇ ಬೀಳದ ಮನೆ, ಅವರು ಬಚ್ಚಿಡಬೇಕಾದುದು ಏನೂ ಇರದ ಸಮಾಜ ನಮ್ಮ ಗುರಿಯಾಗಬೇಕು. ಅಲ್ಲಿಯವರೆಗೆ ಅವರ ಸಣ್ಣ ನಿರಾಕರಣೆಗಳನ್ನು ನಾವು ಅಪರಾಧವೆಂದು ಬರೆದುಕೊಳ್ಳದೆ, ನಮ್ಮ ಪ್ರಮಾದವನ್ನು ತೋರಿಸಿಕೊಟ್ಟ ಸೂಚನೆಯೆಂದು ಸ್ವೀಕರಿಸಬೇಕು.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿ ಮುಗಿಸುತ್ತೇನೆ. ದೊಡ್ಡವ್ವ ತಾಟು ಇಟ್ಟುಕೊಂಡ ಮೇಲೆ ಕೆಲವು ದಿನ ಗಂಡಸರು ಆರಿದ ರೊಟ್ಟಿ ತಿಂದರು. ಆಮೇಲೆ ಅಜ್ಜನೇ ಹೊಲದಿಂದ ಒಂದು ತಾಸು ಮೊದಲು ಹೊರಡಿಸತೊಡಗಿದರು. ಸೊಸೆಯ ಮಾತಿಗೆ ಅವರು ಬಾಯಿಬಿಟ್ಟು ಉತ್ತರ ಕೊಡಲಿಲ್ಲ. ಕೊಟ್ಟ ಉತ್ತರ ಅದೇ. ಎಷ್ಟೋ ವರ್ಷಗಳ ನಂತರ ಆ ಮನೆಗೆ ಹೊಸ ಸೊಸೆ ಬಂದಳು. ಮೊದಲ ಸಂಜೆ ಅವಳು ಒಲೆಯ ಮುಂದಿಂದ ಏಳದೆ ಕುಳಿತಿದ್ದಾಗ ವಯಸ್ಸಾದ ದೊಡ್ಡವ್ವ ಅವಳ ಕೈಯಿಂದ ಹಿಟ್ಟಿನ ಬುಟ್ಟಿ ತೆಗೆದುಕೊಂಡು, “ಏಳವ್ವ, ಹೊತ್ತು ಐತಿ, ನೀ ಮೊದಲ ಉಣ್ಣು” ಎಂದಳು. ಗಂಡಸರು ತಾವೇ ಎದ್ದು ಬುಟ್ಟಿಯಿಂದ ರೊಟ್ಟಿ ಹಾಕಿಕೊಂಡರು.

ಇದನ್ನು ಓದಿದ ಶ್ರಾವಕ ಬಂಧುಗಳು ಇಂದು ಸಂಜೆ, ಹೊತ್ತು ಮುಳುಗಲು ಎರಡು ಘಳಿಗೆ ಇರುವಾಗ, ತಮ್ಮ ಮನೆಯ ಸಾಲಿನಲ್ಲಿರುವ ತಾಟುಗಳನ್ನು ಒಮ್ಮೆ ಎಣಿಸಿ ನೋಡಬೇಕೆಂದು ಪ್ರಾರ್ಥನೆ.